ಸೆರೆಮನೆಯ ಕಿಟಕಿ: ಕೈದಿ, ಪತ್ರಿಕೆ ಮತ್ತು ಕಾನೂನು

2024ರ ಆಗಸ್ಟ್ ಕೊನೆಯ ವಾರದಲ್ಲಿ ಒಂದು ಛಾಯಾಚಿತ್ರ ಇಡೀ ಕರ್ನಾಟಕದ ಬಾಯಿಗೆ ಬಿತ್ತು. ಕೊಲೆ ಆರೋಪದ ಮೇಲೆ ನ್ಯಾಯಾಂಗ ಬಂಧನದಲ್ಲಿದ್ದ ಚಿತ್ರನಟ ದರ್ಶನ್ ಬೆಂಗಳೂರಿನ ಪರಪ್ಪನ ಅಗ್ರಹಾರ ಕೇಂದ್ರ ಕಾರಾಗೃಹದ ಹುಲ್ಲುಹಾಸಿನ ಮೇಲೆ, ಒಂದು ಕೈಯಲ್ಲಿ ಸಿಗರೇಟು, ಇನ್ನೊಂದು ಕೈಯಲ್ಲಿ ಕಾಫಿ ಬಟ್ಟಲು ಹಿಡಿದು, ಗೆಳೆಯರ ನಡುವೆ ಕುರ್ಚಿ ಹಾಕಿಕೊಂಡು ಕುಳಿತ ಚಿತ್ರ ಅದು. ತುಮಕೂರು ಜಿಲ್ಲೆಯವರೇ ಆದ ಗೃಹ ಸಚಿವ ಡಾ. ಜಿ. ಪರಮೇಶ್ವರ ಅವರು ಮರುದಿನವೇ ಏಳು ಮಂದಿ ಜೈಲು ಅಧಿಕಾರಿ ಹಾಗೂ ಸಿಬ್ಬಂದಿಯ ಅಮಾನತನ್ನು ಪ್ರಕಟಿಸಿದರು. ನ್ಯಾಯಾಲಯದ ಅನುಮತಿ ಪಡೆದು ನಟನನ್ನು ಬಳ್ಳಾರಿ ಜೈಲಿಗೆ ಸಾಗಿಸಲಾಯಿತು.

ಇದೇ ಪ್ರಕರಣಕ್ಕೆ ಇನ್ನೊಂದು ಮುಖವೂ ಇತ್ತು. ಅದರ ಹದಿನೇಳು ಆರೋಪಿಗಳಲ್ಲಿ ನಾಲ್ವರನ್ನು ಜೂನ್ ತಿಂಗಳಲ್ಲೇ ಬೆಂಗಳೂರಿನಿಂದ ತುಮಕೂರಿನ ಜಿಲ್ಲಾ ಕಾರಾಗೃಹಕ್ಕೆ ಕಳುಹಿಸಲಾಗಿತ್ತು. ಅವರು ಹೇಗೆ ಕುಳಿತಿದ್ದರು, ಏನು ಕುಡಿದರು ಎಂದು ಯಾರೂ ಚಿತ್ರ ತೆಗೆಯಲಿಲ್ಲ. ಅವರಲ್ಲಿ ಮೂವರಿಗೆ ಸೆಪ್ಟೆಂಬರಿನಲ್ಲಿ ಜಾಮೀನು ಮಂಜೂರಾದದ್ದು ಸುದ್ದಿಯಾಯಿತು. ಆದರೆ ಆ ತುಮಕೂರು ಜೈಲಿನೊಳಗೇ ಇದ್ದ, ಯಾವ ನಟನ ಹೆಸರಿನೊಂದಿಗೂ ಗಂಟು ಬೀಳದ, ಗುಬ್ಬಿಯಿಂದಲೋ ಕುಣಿಗಲಿನಿಂದಲೋ ಬಂದ ವಿಚಾರಣಾಧೀನ ಕೈದಿಗಳು ಎಂದಿನಂತೆ ಸುದ್ದಿಯ ಹೊರಗೇ ಉಳಿದರು.

ಸೆರೆಮನೆಯ ಗೋಡೆಯನ್ನು ಕಟ್ಟುವುದು ಒಳಗಿನವರು ಹೊರಗೆ ಬಾರದಿರಲೆಂದು. ಆದರೆ ಅದೇ ಗೋಡೆ ಹೊರಗಿನವರ ಕಣ್ಣಿಗೂ ಅಡ್ಡವಾಗುತ್ತದೆ. ಒಳಗೆ ಒಬ್ಬನಿಗೆ ರಾಜೋಪಚಾರ, ಇನ್ನೊಬ್ಬನಿಗೆ ಲಾಠಿ ಎಂಬುದು ತಿಳಿಯುವುದು ಯಾರಾದರೂ ಹೇಳಿದಾಗ ಮಾತ್ರ. ಹೇಳುವ ಹಕ್ಕು ಯಾರಿಗಿದೆ? ಕೈದಿ ಬರೆಯಬಹುದೆ? ಪತ್ರಕರ್ತ ಒಳಗೆ ಹೋಗಬಹುದೆ? ಆರೋಪಿಯ ಬಗ್ಗೆ ಪತ್ರಿಕೆ ಎಷ್ಟು ಬರೆಯಬಹುದು, ಎಲ್ಲಿ ನಿಲ್ಲಬೇಕು? ಅರವತ್ತು ವರ್ಷಗಳಿಂದ ನಮ್ಮ ನ್ಯಾಯಾಲಯಗಳು ಈ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತ ಬಂದಿವೆ.

ಬಂಧಿಯ ಲೇಖನಿ

ಪತ್ರಿಕೆಗೆ ಮೂಗುದಾರ ಹಾಕುವ ಆಸೆ ಆಳುವವರಿಗೆ ಹೊಸದಲ್ಲ. ತುಮಕೂರು ಸೀಮೆ ಹಳೆಯ ಮೈಸೂರು ಸಂಸ್ಥಾನದಲ್ಲಿದ್ದಾಗ, 1908ರಲ್ಲಿ, ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ವೃತ್ತಪತ್ರಿಕೆಗಳ ನಿಬಂಧನೆಯ ಕಾನೂನು ಜಾರಿಗೆ ಬಂತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲ ಎಂಬುದು ಅದರ ತಿರುಳು. 'ತಾತಯ್ಯ' ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಸ್ವತಂತ್ರ ಭಾರತದ ಸಂವಿಧಾನ 19ನೇ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯವನ್ನು ಬರೆದಿಟ್ಟಿತು. ಪತ್ರಿಕೆಗೆಂದು ಅಲ್ಲಿ ಪ್ರತ್ಯೇಕ ಹಕ್ಕೇನೂ ಇಲ್ಲ. ಸಾಮಾನ್ಯ ಪ್ರಜೆಗೆ ಎಷ್ಟಿದೆಯೋ ಪತ್ರಕರ್ತನಿಗೂ ಅಷ್ಟೇ. ಮುಂದಿನ ಎಲ್ಲ ತೀರ್ಪುಗಳನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಅಂಶವನ್ನು ನೆನಪಿಡಬೇಕು.

ಪ್ರಜೆಯ ಹಕ್ಕು ಸೆರೆಮನೆಯ ಬಾಗಿಲಲ್ಲಿ ಕಳಚಿ ಬೀಳುತ್ತದೆಯೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಒಂದು ವಿಜ್ಞಾನ ಪುಸ್ತಕದ ನೆಪದಲ್ಲಿ. ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಮುಂಬಯಿಯ ಜೈಲಿನಲ್ಲಿದ್ದ ಪ್ರಭಾಕರ ಪಾಂಡುರಂಗ ಸಂಝಗಿರಿ ಎಂಬುವರು ಪರಮಾಣುವಿನ ಅಂತರಂಗವನ್ನು ಕುರಿತು ಮರಾಠಿಯಲ್ಲಿ ಒಂದು ಪುಸ್ತಕ ಬರೆದರು. ಹಸ್ತಪ್ರತಿಯನ್ನು ಅಚ್ಚಿಗಾಗಿ ಹೆಂಡತಿಗೆ ಕಳುಹಿಸಲು ಅನುಮತಿ ಕೇಳಿದರು. ಸರ್ಕಾರ ಒಪ್ಪಲಿಲ್ಲ. ಸ್ಥಾನಬದ್ಧತೆಯ ಷರತ್ತುಗಳಲ್ಲಿ ಪುಸ್ತಕ ಬರೆಯುವ ಸವಲತ್ತನ್ನು ಎಲ್ಲೂ ಹೇಳಿಲ್ಲ ಎಂಬುದು ಅದರ ವಾದ. 1965ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಕೆ. ಸುಬ್ಬರಾವ್ ಈ ವಾದವನ್ನು ತಲೆಕೆಳಗು ಮಾಡಿದರು. ಷರತ್ತುಗಳು ಬಂಧಿಗೆ ಕೊಡುವ ಸವಲತ್ತುಗಳ ಪಟ್ಟಿಯಲ್ಲ. ಅವನ ಸ್ವಾತಂತ್ರ್ಯದಿಂದ ಕಳೆಯಬಹುದಾದವುಗಳ ಪಟ್ಟಿ. ಕಾನೂನು ಕಳೆಯದೆ ಬಿಟ್ಟದ್ದು ಅವನ ಬಳಿಯೇ ಉಳಿಯುತ್ತದೆ. ಹಸ್ತಪ್ರತಿ ಹೊರಗೆ ಬಂತು.

ಕಾನೂನು ಹೀಗಿದ್ದರೂ ತುರ್ತುಪರಿಸ್ಥಿತಿಯ ಕಾಲದಲ್ಲಿ ಅದು ಮೌನವಾಯಿತು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಟ್ಟರು. ಆಕೆ ಆಸ್ತಮಾ ರೋಗಿ. ಎಂಟು ತಿಂಗಳ ನಂತರ, 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. ಐದು ದಿನಗಳಲ್ಲಿ ಆಕೆ ತೀರಿಕೊಂಡರು. ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದ ಆ ದಿನಗಳಲ್ಲಿ ಆ ಜೈಲಿನ ಒಳಗನ್ನು ಹೊರಗಿನವರು ಮುಂದೆ ಓದಿ ತಿಳಿದದ್ದು ಆಕೆ ಬರೆದಿಟ್ಟಿದ್ದ ದಿನಚರಿಯಿಂದ. ಆ ಹಳೆಯ ಸೆಂಟ್ರಲ್ ಜೈಲಿನ ಜಾಗವೇ ಇಂದಿನ ಫ್ರೀಡಂ ಪಾರ್ಕ್.

ಒಳಗೆ ಹೋಗುವ ಹಕ್ಕು

ಕೈದಿ ಹೊರಗೆ ಬರೆಯಬಹುದು, ಸರಿ. ಪತ್ರಕರ್ತ ಒಳಗೆ ಹೋಗಬಹುದೆ? ದೆಹಲಿಯ ತಿಹಾರ್ ಜೈಲಿನಲ್ಲಿ ಗಲ್ಲಿಗಾಗಿ ಕಾದಿದ್ದ ಬಿಲ್ಲಾ ಮತ್ತು ರಂಗಾ ಅವರನ್ನು ಸಂದರ್ಶಿಸಲು 'ಹಿಂದೂಸ್ತಾನ್ ಟೈಮ್ಸ್' ಪತ್ರಿಕೆಯ ಮುಖ್ಯ ವರದಿಗಾರ್ತಿ ಪ್ರಭಾ ದತ್ ಅನುಮತಿ ಕೇಳಿದಾಗ ಜೈಲಿನವರು ನಿರಾಕರಿಸಿದರು. 1981ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಉತ್ತರ ಎರಡು ಭಾಗದ್ದು. ಪತ್ರಕರ್ತನಿಗೆ ಜೈಲಿಗೆ ನುಗ್ಗುವ ಅನಿರ್ಬಂಧಿತ ಹಕ್ಕಿಲ್ಲ. ಮುಖ್ಯವಾಗಿ, ಕೈದಿಗೆ ಇಷ್ಟವಿಲ್ಲದಿದ್ದರೆ ಯಾರೂ ಅವನನ್ನು ಮಾತಾಡಿಸುವಂತಿಲ್ಲ. ಆದರೆ ಕೈದಿ ಒಪ್ಪಿದ ಮೇಲೆ, ಬಂಧುಗಳಿಗೂ ಸ್ನೇಹಿತರಿಗೂ ವಕೀಲರಿಗೂ ತೆರೆಯುವ ಬಾಗಿಲನ್ನು ಪತ್ರಕರ್ತರಿಗೆ ಮಾತ್ರ ಮುಚ್ಚಬೇಕಾದರೆ ತಕ್ಕ ಕಾರಣವಿರಬೇಕು. ಆ ಕಾರಣವನ್ನು ಬರೆದೇ ಕೊಡಬೇಕು.

ಈ 'ಬರೆದು ಕೊಡಬೇಕು' ಎಂಬುದು ಸಣ್ಣ ಮಾತಿನಂತೆ ಕಾಣಬಹುದು. ಆದರೆ ಆಡಳಿತದ ಅನುಭವವಿದ್ದವರಿಗೆ ಅದರ ತೂಕ ಗೊತ್ತು. ಬಾಯಿ ಮಾತಿನಲ್ಲಿ 'ಆಗುವುದಿಲ್ಲ' ಎನ್ನುವುದು ಸುಲಭ. ಅದೇ ಮಾತನ್ನು ಸಹಿ ಹಾಕಿ ಕಾಗದದ ಮೇಲೆ ಕೊಟ್ಟರೆ ಅದನ್ನು ನ್ಯಾಯಾಲಯ ಪರೀಕ್ಷಿಸಬಹುದು.

ಮಹಾರಾಷ್ಟ್ರದ ಪತ್ರಕರ್ತೆ ಶೀಲಾ ಬರ್ಸೆ ಪ್ರಕರಣದಲ್ಲಿ ಕೋರ್ಟು ಗೆರೆಯನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಹೆಣ್ಣು ಕೈದಿಗಳನ್ನು ಸಂದರ್ಶಿಸಲು ಆಕೆಗೆ ಕೊಟ್ಟಿದ್ದ ಅನುಮತಿಯನ್ನು ಸರ್ಕಾರ ಹಿಂದಕ್ಕೆ ಪಡೆದಿತ್ತು. ಜೈಲಿನೊಳಗಿನ ಸ್ಥಿತಿಗತಿ ಪ್ರಜೆಗಳಿಗೆ ತಿಳಿಯಬೇಕು, ಅದಕ್ಕಾಗಿ ಸಂದರ್ಶನಕ್ಕೆ ಅವಕಾಶವಿರಬೇಕು ಎಂದು 1987ರ ತೀರ್ಪು ಒಪ್ಪಿತು. ಆದರೆ ಹತೋಟಿಯಿಲ್ಲದ ಸಂದರ್ಶನ ಸಲ್ಲದು, ಧ್ವನಿಮುದ್ರಣಕ್ಕೆ ಪ್ರತ್ಯೇಕ ಅನುಮತಿ ಬೇಕು ಎಂದಿತು. 1999ರಲ್ಲಿ ಚಾರುಲತಾ ಜೋಶಿ ಪ್ರಕರಣದಲ್ಲೂ ವಿಚಾರಣಾಧೀನ ಕೈದಿಯ ಸಂದರ್ಶನ ಪತ್ರಿಕೆಯ ಸ್ವೇಚ್ಛೆಯ ಹಕ್ಕಲ್ಲ ಎಂದೇ ಕೋರ್ಟು ಹೇಳಿತು. ಒಟ್ಟಿನಲ್ಲಿ ಬಾಗಿಲು ಇದೆ, ಅಗುಳಿ ಜೈಲಿನವರ ಕೈಯಲ್ಲಿದೆ, ಅಗುಳಿ ಹಾಕಿದ್ದಕ್ಕೆ ಅವರು ಕಾರಣ ಹೇಳಬೇಕು.

ಆಟೋ ಶಂಕರನ ಆತ್ಮಕಥೆ

1994ರ ಅಕ್ಟೋಬರ್ 7ರ ತೀರ್ಪು ಮಾಧ್ಯಮ ಕಾನೂನಿನಲ್ಲಿ ಮೈಲಿಗಲ್ಲು. ಅದರ ಅರ್ಜಿದಾರ ಕನ್ನಡಿಗರಿಗೆ ಬೇರೊಂದು ಕಾರಣಕ್ಕೆ ಪರಿಚಿತ. 2000ದಲ್ಲಿ ವೀರಪ್ಪನ್ ಡಾ. ರಾಜಕುಮಾರ್ ಅವರನ್ನು ಅಪಹರಿಸಿದಾಗ ಸಂಧಾನಕಾರನಾಗಿ ಕಾಡಿಗೆ ಹೋದ 'ನಕ್ಕೀರನ್' ಪತ್ರಿಕೆಯ ಸಂಪಾದಕ ಆರ್. ರಾಜಗೋಪಾಲ್ ಅವರೇ ಈತ. ಹಲವು ಕೊಲೆಗಳಿಗಾಗಿ ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್ ಚೆಂಗಲ್‌ಪಟ್ಟು ಜೈಲಿನಲ್ಲಿದ್ದಾಗ ಸುಮಾರು 300 ಪುಟಗಳ ಆತ್ಮಕಥೆ ಬರೆದಿದ್ದಾನೆ, ಅದರಲ್ಲಿ ಕೆಲವು ಹಿರಿಯ ಅಧಿಕಾರಿಗಳೊಡನೆ ಅವನಿಗಿದ್ದ ನಂಟಿನ ವಿವರಗಳಿವೆ ಎಂದು ಪತ್ರಿಕೆ ಪ್ರಕಟಿಸಿತು. ಜೈಲು ಇಲಾಖೆಯ ಮುಖ್ಯಸ್ಥರು ಪತ್ರಿಕೆಗೆ ಕಾಗದ ಬರೆದು, ಆತ್ಮಕಥೆ ಸುಳ್ಳು, ಅಚ್ಚು ಹಾಕಿದರೆ ಕ್ರಮ ಕೈಗೊಳ್ಳುತ್ತೇವೆ ಎಂದರು.

ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ಬರೆದ ತೀರ್ಪು ಎರಡು ಮಾತುಗಳನ್ನು ಒಟ್ಟಿಗೆ ಹೇಳಿತು. ಒಂದು, ತಮಗೆ ಮಾನಹಾನಿಯಾಗಬಹುದು ಎಂಬ ಭಯದಿಂದ ಸರ್ಕಾರವಾಗಲಿ ಅಧಿಕಾರಿಗಳಾಗಲಿ ಪ್ರಕಟಣೆಯನ್ನು ಮುಂಚಿತವಾಗಿ ತಡೆಯುವಂತಿಲ್ಲ. ಪ್ರಕಟವಾದ ನಂತರ ಮೊಕದ್ದಮೆ ಹೂಡಬಹುದು. ಎರಡು, ಕೈದಿಗೂ ಖಾಸಗಿ ಬದುಕು ಎಂಬುದಿದೆ. ನ್ಯಾಯಾಲಯದ ಕಡತದಂಥ ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಅವನ ಒಪ್ಪಿಗೆಯಿಲ್ಲದೆಯೂ ಬರೆಯಬಹುದು. ಅದನ್ನು ದಾಟಿ ಅವನ ಸಂಸಾರ, ಮಕ್ಕಳು, ಮನೆಯ ವಿಚಾರಕ್ಕೆ ಕೈ ಹಾಕಿದರೆ ಪತ್ರಿಕೆ ಅದರ ಪರಿಣಾಮವನ್ನು ಎದುರಿಸಬೇಕು. ಕೊಲೆಗಾರನೆಂದು ತೀರ್ಮಾನವಾದವನಿಗೇ ಇಷ್ಟು ರಕ್ಷಣೆ ಇದ್ದರೆ, ಇನ್ನೂ ತೀರ್ಮಾನವಾಗದ ಆರೋಪಿಗೆ ಎಷ್ಟಿರಬೇಕು ಎಂಬುದನ್ನು ಓದುಗರೇ ಊಹಿಸಬಹುದು.

ಬೆಂಗಳೂರಿನಿಂದ ಹೋದ ಒಂದು ಪತ್ರ

ಸೆರೆಮನೆಯ ಸುಧಾರಣೆಯ ಚರಿತ್ರೆಯಲ್ಲಿ ಅಂಚೆಯ ಪಾತ್ರ ದೊಡ್ಡದು. 1979ರಲ್ಲಿ ತಿಹಾರ್ ಜೈಲಿನ ಕೈದಿ ಸುನಿಲ್ ಬಾತ್ರಾ, ತನ್ನ ಮೇಲಲ್ಲ, ಇನ್ನೊಬ್ಬ ಕೈದಿಯ ಮೇಲೆ ವಾರ್ಡರ್ ನಡೆಸಿದ ಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನೇ ರಿಟ್ ಅರ್ಜಿಯಾಗಿ ಪರಿಗಣಿಸಿದರು. ಅದೇ ವರ್ಷದ ಆರಂಭದಲ್ಲಿ 'ಇಂಡಿಯನ್ ಎಕ್ಸ್‌ಪ್ರೆಸ್' ಪತ್ರಿಕೆಯಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಬಗ್ಗೆ ಬಂದ ಲೇಖನಗಳು ಹುಸೇನಾರಾ ಖಾತೂನ್ ಪ್ರಕರಣಕ್ಕೆ ಕಾರಣವಾಗಿದ್ದವು. ಅಪರಾಧ ಸಾಬೀತಾದರೂ ಸಿಗುತ್ತಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರು ಅದರಿಂದ ಹೊರಗೆ ಬಂದರು. ಶೀಘ್ರ ವಿಚಾರಣೆ 21ನೇ ವಿಧಿಯ ಭಾಗ ಎಂದು ಆಗ ಸ್ಥಿರಪಟ್ಟಿತು.

ಕರ್ನಾಟಕದ ಪತ್ರವೂ ಒಂದುಂಟು. ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬ ಊಟ, ಕೂಲಿ, ಹಿಂಸೆಯ ದೂರುಗಳನ್ನು ಬರೆದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಕಳುಹಿಸಿದ. ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರು ಜೈಲಿಗೆ ಹೋಗಿ ನೋಡಿ ವರದಿ ಕೊಡುವಂತೆ ಕೋರ್ಟು ಆದೇಶಿಸಿತು. 'ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ' ಎಂಬ ಹೆಸರಿನ ಈ ಪ್ರಕರಣದ ತೀರ್ಪು ಬಂದದ್ದು 1996ರ ಡಿಸೆಂಬರ್ 23ರಂದು. ನ್ಯಾಯಮೂರ್ತಿ ಬಿ.ಎಲ್. ಹನ್ಸಾರಿಯಾ ಅದರಲ್ಲಿ ದೇಶದ ಜೈಲುಗಳ ಒಂಬತ್ತು ರೋಗಗಳನ್ನು ಪಟ್ಟಿ ಮಾಡಿದರು: ಮಿತಿಮೀರಿದ ಜನಸಂದಣಿ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯ ಮತ್ತು ನೈರ್ಮಲ್ಯದ ಕಡೆಗಣನೆ, ಸಾಲದ ಊಟ ಬಟ್ಟೆ, ಜೈಲಿನ ದುಶ್ಚಟಗಳು, ಹೊರಗಿನವರೊಡನೆ ಸಂಪರ್ಕದ ಕೊರತೆ, ಭೇಟಿಯ ಅವ್ಯವಸ್ಥೆ ಮತ್ತು ಬಯಲು ಬಂದೀಖಾನೆಗಳ ನಿರ್ವಹಣೆ. ಜಿಲ್ಲಾ ನ್ಯಾಯಾಧೀಶರೇ ತೆರೆಯುವ ದೂರು ಪೆಟ್ಟಿಗೆ ಜೈಲಿನಲ್ಲಿರಬೇಕು, 1894ರ ಹಳೆಯ ಕಾರಾಗೃಹ ಕಾಯಿದೆಯ ಬದಲು ಹೊಸದು ಬರಬೇಕು ಎಂದೂ ತೀರ್ಪು ಸೂಚಿಸಿತು.

ಪಟ್ಟಿಯ ಏಳನೆಯ ಮತ್ತು ಎಂಟನೆಯ ರೋಗಗಳನ್ನು ಗಮನಿಸಬೇಕು. ಸಂಪರ್ಕ ಕಡಿದಾಗಲೇ ಉಳಿದ ಏಳೂ ಬೆಳೆಯುವುದು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನನ್ನು 2006ರಿಂದ ವರ್ಷಗಟ್ಟಲೆ ಏಕಾಂತ ಸೆರೆಯಲ್ಲಿಟ್ಟಿದ್ದರು. ದಯಾ ಅರ್ಜಿ ಇತ್ಯರ್ಥವಾಗುವ ಮುನ್ನವೇ ಹೀಗೆ ಇಡುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿ ಗಲ್ಲು ಶಿಕ್ಷೆಯನ್ನು ಇಳಿಸಿದ್ದು 2022ರ ನವೆಂಬರಿನಲ್ಲಿ. ಅವನ ಅಪರಾಧ ಘೋರವಾಗಿತ್ತು. ಅದಕ್ಕೆ ಕಾನೂನು ಶಿಕ್ಷೆ ವಿಧಿಸಿತ್ತು. ಕಾನೂನು ವಿಧಿಸದ ಇನ್ನೊಂದು ಶಿಕ್ಷೆಯನ್ನು ಜೈಲು ತಾನಾಗಿ ಸೇರಿಸಿತ್ತು.

ಅದೇ ಕತ್ತಲೆಯಲ್ಲಿ ಸವಲತ್ತುಗಳೂ ಬೆಳೆಯುತ್ತವೆ. 2017ರಲ್ಲಿ ಕಾರಾಗೃಹ ಇಲಾಖೆಯ ಡಿಐಜಿ ಆಗಿದ್ದ ಡಿ. ರೂಪಾ ಅವರು ಪರಪ್ಪನ ಅಗ್ರಹಾರದಲ್ಲಿ ವಿ.ಕೆ. ಶಶಿಕಲಾ ಅವರಿಗೆ ವಿಶೇಷ ಅಡುಗೆಮನೆಯೂ ಸೇರಿದಂತೆ ಸವಲತ್ತು ಸಿಗುತ್ತಿದೆ ಎಂದು ವರದಿ ಕೊಟ್ಟರು. ಕೆಲವೇ ದಿನಗಳಲ್ಲಿ ಅವರಿಗೆ ವರ್ಗವಾಯಿತು. ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ನಡೆಸಿದ ವಿಚಾರಣೆ ನಿಯಮ ಮೀರಿದ ಸೌಲಭ್ಯಗಳನ್ನು ಗುರುತಿಸಿತು. 2025ರ ನವೆಂಬರಿನಲ್ಲಿ ಅದೇ ಜೈಲಿನಿಂದ ಕೈದಿಗಳು ಮೊಬೈಲ್ ಹಿಡಿದಿರುವ ವಿಡಿಯೊಗಳು ಮತ್ತೆ ಹೊರಗೆ ಬಂದವು. ಬಡವನ ಮೇಲಿನ ಹಿಂಸೆ ಮತ್ತು ಬಲ್ಲಿದನಿಗೆ ಸಿಗುವ ಸವಲತ್ತು ಎರಡೂ ಬೇರೆ ಬೇರೆ ರೋಗಗಳಲ್ಲ. ಎರಡಕ್ಕೂ ಮೂಲ ಯಾರೂ ನೋಡುತ್ತಿಲ್ಲ ಎಂಬ ಧೈರ್ಯ.

ಗುಬ್ಬಿಯಿಂದ ತುಮಕೂರಿಗೆ

ಇನ್ನು ಸುದ್ದಿಯಾಗದವನ ದಾರಿಯನ್ನು ನೋಡೋಣ. ಗುಬ್ಬಿ ತಾಲ್ಲೂಕಿನ ಹಳ್ಳಿಯ ಯುವಕನೊಬ್ಬನನ್ನು ಬೈಕ್ ಕಳವಿನ ಆರೋಪದ ಮೇಲೆ ಬಂಧಿಸಿದರು ಎಂದು ಭಾವಿಸೋಣ. ಸಂವಿಧಾನದ 22ನೇ ವಿಧಿಯ ಪ್ರಕಾರ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಲ್ಲಿಂದ ನ್ಯಾಯಾಂಗ ಬಂಧನ. ಎಂದರೆ ಇಪ್ಪತ್ತು ಕಿಲೋಮೀಟರ್ ದೂರದ ತುಮಕೂರು ಜೈಲು. ಕುಣಿಗಲಿನವನಿಗಾದರೆ ದೂರ ಇನ್ನೂ ಹೆಚ್ಚು. ಮನೆಯವರು ನೋಡಲು ಬರಬೇಕಾದರೆ ಒಂದು ದಿನದ ಕೂಲಿ, ಬಸ್ಸಿನ ದುಡ್ಡು ಎರಡೂ ಹೋಗುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇವನಿಗೆ ಮೂರು ಆಸರೆಗಳಿವೆ. ಒಂದು, ಇಂಥ ಆರೋಪದಲ್ಲಿ 60 ದಿನಗಳೊಳಗೆ ಪೊಲೀಸರು ಆರೋಪಪಟ್ಟಿ ಸಲ್ಲಿಸದಿದ್ದರೆ ಜಾಮೀನು ಕೇಳುವುದು ಅವನ ಹಕ್ಕು. ಎರಡು, ವಿಚಾರಣೆ ಮುಗಿಯದೆ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದರೆ ಅವನನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಎಂದೂ ಶಿಕ್ಷೆಗೆ ಒಳಗಾಗದವನಾದರೆ ಮೂರನೇ ಒಂದು ಭಾಗ ಸಾಕು. ಸಾಮಾನ್ಯ ಕಳವಿಗೆ ಗರಿಷ್ಠ ಶಿಕ್ಷೆ ಮೂರು ವರ್ಷ. ಆದ್ದರಿಂದ ಮೊದಲ ಬಾರಿಯವನಿಗೆ ಒಂದು ವರ್ಷ. ಮೂರು, ಈ ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಲಿಖಿತವಾಗಿ ತಿಳಿಸುವ ಹೊಣೆ ಕೈದಿಯದಲ್ಲ, ಜೈಲು ಸೂಪರಿಂಟೆಂಡೆಂಟರದು. ಹೊಸ ಸಂಹಿತೆಯ 479ನೇ ಕಲಮು ಹೇಳುವ ಈ ರಿಯಾಯಿತಿ 2024ರ ಜುಲೈಗೆ ಮುಂಚಿನ ಪ್ರಕರಣಗಳಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2024ರ ಆಗಸ್ಟ್ 23ರಂದು ಆದೇಶಿಸಿತು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದವರಿಗೂ ಇಲ್ಲ.

ಜಾಮೀನು ಸಿಕ್ಕಿತೆಂದರೆ ಬಿಡುಗಡೆಯಾಯಿತು ಎಂದಲ್ಲ. ಶ್ಯೂರಿಟಿ ನಿಲ್ಲಲು ಪಹಣಿ ಇರುವ ಯಾರಾದರೂ ಬೇಕು. ಭೂಮಿಯಿಲ್ಲದವನಿಗೆ, ಊರಿನಲ್ಲಿ ಹೆಸರು ಕೆಟ್ಟವನಿಗೆ ಯಾರು ನಿಲ್ಲುತ್ತಾರೆ? 1978ರಲ್ಲಿ ಮೋತಿರಾಮ್ ಎಂಬ ಗಾರೆಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟರೂ ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಶ್ಯೂರಿಟಿಯನ್ನೂ ತಳ್ಳಿಹಾಕಿದರು. ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿ 1,000 ರೂಪಾಯಿಯ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ನಲವತ್ತೈದು ವರ್ಷಗಳ ನಂತರ, 2023ರ ಜನವರಿ 31ರಂದು, ಸುಪ್ರೀಂ ಕೋರ್ಟು ಅದೇ ಕಾಯಿಲೆಗೆ ಮತ್ತೆ ಔಷಧ ಬರೆಯಬೇಕಾಯಿತು: ಜಾಮೀನಾದ ಏಳು ದಿನಗಳಲ್ಲಿ ಕೈದಿ ಹೊರಗೆ ಹೋಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು; ಒಂದು ತಿಂಗಳಾದರೂ ಆಗದಿದ್ದರೆ ನ್ಯಾಯಾಲಯ ಷರತ್ತನ್ನು ಸಡಿಲಿಸುವ ವಿಚಾರ ಮಾಡಬಹುದು. ಬಡ ಕೈದಿಗಳ ನೆರವಿಗೆಂದು ಕೇಂದ್ರ ಸರ್ಕಾರ 2023ರಲ್ಲಿ ಒಂದು ಯೋಜನೆಯನ್ನೂ ತಂದಿತು.

ಇದರ ಜೊತೆಗೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ಗುಬ್ಬಿಯಲ್ಲೂ ಕುಣಿಗಲಿನಲ್ಲೂ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಇಷ್ಟೆಲ್ಲ ಇದ್ದೂ ಅಂಕಿಅಂಶಗಳು ಹಿತವಾಗಿಲ್ಲ. 1977ರಲ್ಲಿ ದೇಶದ ಕೈದಿಗಳಲ್ಲಿ ವಿಚಾರಣಾಧೀನರು ಸುಮಾರು ಶೇ 55. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ 5,73,220 ಕೈದಿಗಳಲ್ಲಿ 4,34,302 ಮಂದಿ ವಿಚಾರಣಾಧೀನರು. ಎಂದರೆ ಶೇ 75ಕ್ಕೂ ಹೆಚ್ಚು. ನೂರು ಮಂದಿಗೆ ಜಾಗವಿರುವಲ್ಲಿ ಸರಾಸರಿ 131 ಮಂದಿ. ನಮ್ಮ ಸೆರೆಮನೆಗಳು ಶಿಕ್ಷೆಯ ಮನೆಗಳಾಗಿರುವುದಕ್ಕಿಂತ ಹೆಚ್ಚಾಗಿ ಕಾಯುವ ಮನೆಗಳಾಗಿವೆ.

ವರದಿಯೋ, ವಿಚಾರಣೆಯೋ

ಪತ್ರಿಕೆಯ ಕಣ್ಣು ಜೈಲಿಗೆ ಬೇಕು ಎನ್ನುವಾಗಲೇ ಅದೇ ಕಣ್ಣು ಆರೋಪಿಯನ್ನು ಸುಡಬಲ್ಲದು ಎಂಬುದನ್ನೂ ಒಪ್ಪಬೇಕು. ದರ್ಶನ್ ಪ್ರಕರಣದಲ್ಲಿ 2024ರ ಸೆಪ್ಟೆಂಬರ್ ಮೊದಲ ವಾರ ಪೊಲೀಸರು 3,991 ಪುಟಗಳ ಆರೋಪಪಟ್ಟಿ ಸಲ್ಲಿಸಿದರು. ಅದರ ಚಿತ್ರಗಳೂ ಹೇಳಿಕೆಗಳೂ ಟಿವಿಯಲ್ಲಿ ಗಂಟೆಗಟ್ಟಲೆ ಓಡಿದವು. ನಟನ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು ಆ ತಿಂಗಳೇ ಮಧ್ಯಂತರ ಆದೇಶ ನೀಡಿ ಆರೋಪಪಟ್ಟಿಯ ಒಳವಿವರಗಳ ಪ್ರಸಾರವನ್ನು ತಡೆಯಿತು. ಆ ವಿವರಗಳ ಹರಾಜಿನಲ್ಲಿ ನೊಂದವರು ಆರೋಪಿಗಳು ಮಾತ್ರವಲ್ಲ, ಸತ್ತ ಯುವಕನ ಮನೆಯವರೂ ಹೌದು.

ಕಾನೂನಿನ ಗೆರೆ ಎಲ್ಲಿದೆ? 1971ರ ನ್ಯಾಯಾಂಗ ನಿಂದನೆ ಕಾಯಿದೆಯ ಪ್ರಕಾರ ನ್ಯಾಯಾಲಯದ ಕಲಾಪದ ನ್ಯಾಯಯುತವಾದ, ಕರಾರುವಾಕ್ಕಾದ ವರದಿ ನಿಂದನೆಯಲ್ಲ. ಆರೋಪಪಟ್ಟಿ ಸಲ್ಲಿಸಿದ ಮೇಲೆ ಅಥವಾ ನ್ಯಾಯಾಲಯ ಸಮನ್ಸ್, ವಾರಂಟು ಹೊರಡಿಸಿದ ಮೇಲೆ ಪ್ರಕರಣ 'ಬಾಕಿ' ಇದೆ ಎಂದು ಲೆಕ್ಕ. ಆಮೇಲೆ ವಿಚಾರಣೆಗೆ ಅಡ್ಡಿಯಾಗುವಂತೆ ಬರೆಯುವುದು ಅಪಾಯ. ಆದರೆ ಹಾನಿಯ ಬಹುಪಾಲು ಆಗುವುದು ಬಂಧನದ ಮೊದಲ ವಾರಗಳಲ್ಲಿ. ಈ ತೆರಪನ್ನು ಗುರುತಿಸಿ 2021ರ ಜನವರಿಯಲ್ಲಿ ಮುಂಬಯಿ ಹೈಕೋರ್ಟು, ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ಪ್ರಸಾರಗಳ ಸಂದರ್ಭದಲ್ಲಿ, ತನಿಖೆಯ ಹಂತದಲ್ಲೂ ಸಂಯಮ ಬೇಕೆಂದು ಮಾರ್ಗಸೂಚಿ ಕೊಟ್ಟಿತು. 2012ರ ಸಹಾರಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ನ್ಯಾಯಯುತ ವಿಚಾರಣೆಗೆ ನಿಜವಾದ, ಗಣನೀಯವಾದ ಅಪಾಯವಿದ್ದರೆ ಪ್ರಕಟಣೆಯನ್ನು ಸ್ವಲ್ಪ ಕಾಲ ಮುಂದೂಡಬಹುದು ಎಂದಿತ್ತು. ಮುಂದೂಡುವುದು ಬೇರೆ, ಬಾಯಿ ಕಟ್ಟುವುದು ಬೇರೆ.

ಬಾಯಿ ಕಟ್ಟುವುದಕ್ಕೆ ಈಚಿನ ಉದಾಹರಣೆಯೂ ಕರ್ನಾಟಕದ್ದೇ. 2025ರ ಜುಲೈನಲ್ಲಿ ಧರ್ಮಸ್ಥಳದ ಆರೋಪಗಳಿಗೆ ಸಂಬಂಧಿಸಿದಂತೆ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಎದುರುಪಕ್ಷದ ಮಾತು ಕೇಳುವ ಮುನ್ನವೇ ತಡೆಯಾಜ್ಞೆ ಕೊಟ್ಟು, ಎಂಟು ಸಾವಿರಕ್ಕೂ ಹೆಚ್ಚು ಅಂತರ್ಜಾಲ ಕೊಂಡಿಗಳನ್ನು ಅಳಿಸಲು ಹೇಳಿತು. ಆಗಸ್ಟ್ 1ರಂದು ಹೈಕೋರ್ಟು ಯೂಟ್ಯೂಬ್ ಚಾನೆಲ್ ಒಂದರ ಅರ್ಜಿಯ ಮೇಲೆ ಆ ಆಜ್ಞೆಯನ್ನು ಬದಿಗಿಟ್ಟು ಹೊಸದಾಗಿ ವಿಚಾರಿಸಲು ಹೇಳಿತು. ಮಾನಹಾನಿಯ ಹೆಸರಿನಲ್ಲಿ ಇಂಥ ತಡೆಯನ್ನು ಅಪರೂಪಕ್ಕೆ ಮಾತ್ರ ಕೊಡಬೇಕೆಂದು ಸುಪ್ರೀಂ ಕೋರ್ಟು 2024ರ ಮಾರ್ಚ್‌ನಲ್ಲೇ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಹೇಳಿತ್ತು. ಪತ್ರಕರ್ತನೇ ಜೈಲಿನ ಬಾಗಿಲು ಕಾಣುವ ಸಂದರ್ಭವೂ ಇಲ್ಲದಿಲ್ಲ. 2017ರ ಜೂನ್‌ನಲ್ಲಿ ವಿಧಾನಸಭೆಯ ಸ್ಪೀಕರ್ ಕೆ.ಬಿ. ಕೋಳಿವಾಡ ಅವರು ಹಕ್ಕುಚ್ಯುತಿಯ ಹೆಸರಿನಲ್ಲಿ ಇಬ್ಬರು ಸಂಪಾದಕರಿಗೆ ಒಂದು ವರ್ಷ ಸೆರೆ, 10,000 ರೂಪಾಯಿ ದಂಡ ಘೋಷಿಸಿದರು. ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು. ಶಾಸಕರ ಹಕ್ಕುಬಾಧ್ಯತೆಗಳು ಏನೇನು ಎಂಬುದನ್ನು ಬರೆದಿಟ್ಟ ಕಾಯಿದೆಯೇ ಇಲ್ಲದಿರುವುದು ಇದರ ಮೂಲ ತೊಡಕು.

ಕಿಟಕಿ ಯಾರಿಗಾಗಿ?

2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ದರ್ಶನ್ ಸೇರಿ ಏಳು ಆರೋಪಿಗಳ ಜಾಮೀನನ್ನು ರದ್ದುಪಡಿಸಿತು. ಖ್ಯಾತಿ ಕಾನೂನಿಗೆ ಅಡ್ಡಗೋಡೆಯಲ್ಲ ಎಂದಿತು; ಜೈಲಿನಲ್ಲಿ ಪಂಚತಾರಾ ಉಪಚಾರ ಕಂಡುಬಂದರೆ ಮೊದಲು ಅಮಾನತಾಗುವವರು ಸೂಪರಿಂಟೆಂಡೆಂಟರು ಎಂದು ಎಚ್ಚರಿಸಿತು. ತೀರ್ಪಿನ ಪ್ರತಿಗಳು ರಾಜ್ಯ ಸರ್ಕಾರಗಳ ಮೂಲಕ ಎಲ್ಲ ಜೈಲು ಸೂಪರಿಂಟೆಂಡೆಂಟರಿಗೂ ಮುಟ್ಟಬೇಕೆಂದು ಹೇಳಿತು. ನವೆಂಬರ್ 3ರಂದು ಬೆಂಗಳೂರಿನ ವಿಚಾರಣಾ ನ್ಯಾಯಾಲಯ ಆರೋಪ ನಿಗದಿ ಮಾಡಿತು; ಆರೋಪಿಗಳು ತಪ್ಪೊಪ್ಪಿಕೊಳ್ಳಲಿಲ್ಲ. ತಪ್ಪಿತಸ್ಥರೋ ಅಲ್ಲವೋ ಎಂಬುದನ್ನು ಹೇಳುವ ಅಧಿಕಾರ ಆ ನ್ಯಾಯಾಲಯಕ್ಕೆ ಮಾತ್ರ ಸೇರಿದ್ದು.

ಆ ಹುಲ್ಲುಹಾಸಿನ ಚಿತ್ರದಿಂದ ಒಂದು ಜೈಲಿನ ಅಕ್ರಮ ಬಯಲಾಯಿತು. ಅದಕ್ಕೂ ನಾಲ್ಕು ವರ್ಷ ಮುಂಚೆ, 2020ರ ಡಿಸೆಂಬರಿನಲ್ಲಿ, ಪತ್ರಕರ್ತೆ ಸುಕನ್ಯಾ ಶಾಂತಾ ಯಾವ ತಾರೆಯೂ ಇಲ್ಲದ ಒಂದು ವರದಿ ಬರೆದಿದ್ದರು. ಹಲವು ರಾಜ್ಯಗಳ ಜೈಲು ಕೈಪಿಡಿಗಳು ಕಸ ಗುಡಿಸುವ, ಮಲಗುಂಡಿ ಬಳಿಯುವ ಕೆಲಸವನ್ನು ಇಂತಿಂಥ ಜಾತಿಯವರಿಗೆ, ಅಡುಗೆಯನ್ನು ಇಂತಿಂಥವರಿಗೆ ಎಂದು ಹಂಚುತ್ತಿವೆ ಎಂಬುದನ್ನು ಅದು ದಾಖಲೆ ಸಮೇತ ತೋರಿಸಿತು. ಅದನ್ನೇ ಹಿಡಿದು ಆಕೆ ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಆ ನಿಯಮಗಳನ್ನು ಅಸಾಂವಿಧಾನಿಕವೆಂದು ಸಾರಿತು. ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಲಮನ್ನೇ ಅಳಿಸಬೇಕು, ರಾಜ್ಯಗಳು ಮೂರು ತಿಂಗಳಲ್ಲಿ ಕೈಪಿಡಿಗಳನ್ನು ತಿದ್ದಬೇಕು ಎಂದು ಆದೇಶಿಸಿತು.

ಎರಡೂ ಪತ್ರಿಕೆಗಳಿಂದಲೇ ಆದ ಕೆಲಸ. ಆದರೆ ಮೊದಲನೆಯದು ಒಬ್ಬನನ್ನು ಒಂದು ಜೈಲಿನಿಂದ ಇನ್ನೊಂದಕ್ಕೆ ಕಳುಹಿಸಿತು, ಎರಡನೆಯದು ಎಲ್ಲ ಜೈಲುಗಳ ಪುಸ್ತಕವನ್ನೇ ತಿದ್ದಿತು. ತುಮಕೂರು ಜೈಲಿನ ಬಾಗಿಲಲ್ಲಿ ಸಂದರ್ಶನದ ದಿನ ಗುಬ್ಬಿ, ಕುಣಿಗಲ್ ಕಡೆಯಿಂದ ಬಂದು ಸರದಿಗೆ ಕಾಯುವವರಿಗೆ ಮೊದಲನೆಯದರಿಂದ ಆಗುವ ಲಾಭ ಕಡಿಮೆ. ಅವರು ಕೇಳಬೇಕಾದ ಪ್ರಶ್ನೆಗಳು ಸರಳ: ಒಳಗಿರುವವನ ಅವಧಿ ಮೂರನೇ ಒಂದು ಭಾಗ ದಾಟಿದೆಯೆ? ಸೂಪರಿಂಟೆಂಡೆಂಟರು ಅದನ್ನು ನ್ಯಾಯಾಲಯಕ್ಕೆ ಬರೆದಿದ್ದಾರೆಯೆ? ಜಾಮೀನಾಗಿ ಏಳು ದಿನ ಕಳೆದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಿದ್ದಾರೆಯೆ? ಈ ಪ್ರಶ್ನೆಗಳನ್ನು ಅವರ ಪರವಾಗಿ ಜಿಲ್ಲೆಯ ವರದಿಗಾರ ಕೇಳಬಹುದು. ಇಲ್ಲವೆಂಬ ಉತ್ತರ ಬಂದರೆ, ಕಾರಣವನ್ನು ಬರೆದು ಕೊಡಿ ಎಂದೂ ಕೇಳಬಹುದು.